ಸೊನ್ನೆಯ ಹೊಣೆ

ಹಿಂದೆ ನಮ್ಮ ಮನೆಗಳಲ್ಲಿ ಎಳೆಗೂಸುಗಳಿಗೆ ಮದ್ದು ಹಾಕುತ್ತಿದ್ದ ಕ್ರಮ ಕೇಳುಗರಲ್ಲಿ ಹಿರಿಯರಾದವರಿಗೆ ನೆನಪಿರಬಹುದು. ಸಾಣೆಕಲ್ಲಿನ ಮೇಲೆ ಎರಡು ಹನಿ ನೀರು ಬಿಟ್ಟುಕೊಂಡು ಬಜೆಯ ಬೇರನ್ನು ಇಷ್ಟು ಸುತ್ತು, ಅಳಲೆಕಾಯನ್ನು ಇಷ್ಟು ಸುತ್ತು ತೇಯ್ದು, ಜಾಯಿಕಾಯನ್ನು ಕಲ್ಲಿಗೆ ಮುಟ್ಟಿಸಿದೆನೋ ಇಲ್ಲವೋ ಎನ್ನುವಷ್ಟು ತಾಗಿಸಿ, ಆ ಗಂಧವನ್ನು ಒಳಲೆಗೆ ಬಳಿದು ಮಗುವಿಗೆ ಕುಡಿಸುತ್ತಿದ್ದರು. ತಿಂಗಳ ಕೂಸಿಗೆ ಒಂದು ಸುತ್ತಾದರೆ ಮೂರು ತಿಂಗಳ ಕೂಸಿಗೆ ಎರಡು ಸುತ್ತು. ಆ ಮದ್ದಿನ ಗುಣದೋಷಗಳ ವಿಚಾರ ಇಲ್ಲಿ ಬೇಡ. ಇಂದಿನ ಮಕ್ಕಳ ವೈದ್ಯರು ಅದನ್ನು ಒಪ್ಪುವುದಿಲ್ಲ. ನಾನು ಹೇಳಹೊರಟಿರುವುದು ತೇಯುತ್ತಿದ್ದ ಕೈಯ ವಿಷಯ. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಮದ್ದಿನ ಅಳತೆ ಮಗುವಿನ ಅಳತೆಗೆ ಹೊಂದಬೇಕೆಂಬುದು ಆಕೆಗೆ ಗೊತ್ತಿತ್ತು. ಯಾರಾದರೂ ನಡುವೆ ಮಾತನಾಡಿಸಿ ಸುತ್ತಿನ ಎಣಿಕೆ ತಪ್ಪಿತೆಂದು ಅನುಮಾನ ಬಂದರೆ, ಆಕೆ ಕಲ್ಲನ್ನು ತೊಳೆದು ಮತ್ತೆ ಮೊದಲಿನಿಂದ ತೇಯಲು ತೊಡಗುತ್ತಿದ್ದಳು.

ಅಜ್ಜಿಯ ಆ ಕೆಲಸ ಇಂದು ಆಸ್ಪತ್ರೆಯ ದಾದಿಯ ಕೈಗೆ ಬಂದಿದೆ. ಮದ್ದನ್ನು ನಿರ್ಧರಿಸುವವರು ವೈದ್ಯರು. ಆದರೆ ಬಾಟಲಿಯಿಂದ ಅಳೆದು ಮಗುವಿನ ಬಾಯಿಗೋ ರಕ್ತನಾಳಕ್ಕೋ ಸೇರಿಸುವವಳು ದಾದಿ. ವೈದ್ಯರ ಬರಹಕ್ಕೂ ಮಗುವಿನ ಮೈಗೂ ನಡುವೆ ಇರುವುದು ಒಂದು ಸಣ್ಣ ಲೆಕ್ಕ. ಆ ಲೆಕ್ಕವನ್ನು ನಮ್ಮ ಹೆಣ್ಣುಮಕ್ಕಳಿಗೆ, ಈಗ ಗಂಡುಮಕ್ಕಳಿಗೂ, ನಾವು ಹೇಗೆ ಕಲಿಸುತ್ತಿದ್ದೇವೆ ಎಂಬುದೇ ಈ ಭಾಷಣದ ವಿಷಯ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನಿಗೆ ಈ ಗೊಡವೆ ಏಕೆಂದು ಕೆಲವರಿಗೆ ಅನ್ನಿಸೀತು. ಅದಕ್ಕೆ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಇರುವುದು ಬೆಂಗಳೂರಿನ ಪಶ್ಚಿಮಕ್ಕಿರುವ ಅನ್ನಪೂರ್ಣೇಶ್ವರಿ ನಗರದಲ್ಲಿ. ಇಲ್ಲಿಂದ ನಾಗರಭಾವಿ, ಸುಂಕದಕಟ್ಟೆ, ಮಾಗಡಿ ರಸ್ತೆಗಳ ಕಡೆಗೆ ಹೊರಟರೆ ನರ್ಸಿಂಗ್ ಕಾಲೇಜುಗಳ ಫಲಕಗಳು ಒಂದರ ಹಿಂದೊಂದು ಕಣ್ಣಿಗೆ ಬೀಳುತ್ತವೆ. ಬೆಳಗಿನ ಹೊತ್ತು ಬಸ್ ನಿಲ್ದಾಣದಲ್ಲಿ ಬಿಳಿಯ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನಿಂತ ಮಕ್ಕಳಲ್ಲಿ ಕೇರಳದವರುಂಟು, ಈಶಾನ್ಯದ ರಾಜ್ಯಗಳವರುಂಟು, ನಮ್ಮ ರಾಯಚೂರು ಕೊಪ್ಪಳದ ಕಡೆಯವರೂ ಉಂಟು. 2021ರ ಬೇಸಗೆಯಲ್ಲಿ ಕೋವಿಡ್ಡಿನ ಎರಡನೆಯ ಅಲೆ ಎದ್ದಾಗ ಕಾಲೇಜುಗಳ ಬಾಗಿಲು ಮುಚ್ಚಿದವು. ಪಾಠಗಳು ಮೊಬೈಲಿನ ತೆರೆಯ ಮೇಲೆ ಬಂದವು. ನಮ್ಮ ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಮೂವರು ವಿದ್ಯಾರ್ಥಿನಿಯರಲ್ಲಿ ಇಬ್ಬರು ಊರಿಗೆ ಹೋದರು. ಊರಿನಲ್ಲಿ ಮೊಬೈಲಿಗೆ ಸಂಕೇತ ಸಿಕ್ಕುವುದಿಲ್ಲವೆಂದು ಕೊಪ್ಪಳ ಜಿಲ್ಲೆಯ ಹುಡುಗಿಯೊಬ್ಬಳು ಇಲ್ಲಿಯೇ ಉಳಿದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು.

ಒಂದು ಸಂಜೆ ಆಕೆ ಮೊಬೈಲನ್ನು ಹಿಡಿದುಕೊಂಡು ಕೆಳಗೆ ಬಂದು, “ಸರ್, ಈ ವಾಕ್ಯದ ಅರ್ಥ ಏನಂತ ಹೇಳ್ರಿ, ಲೆಕ್ಕ ನಾ ಮಾಡ್ತೀನಿ” ಎಂದಳು. ಅದು ಅವಳ ಆನ್‌ಲೈನ್ ಪಾಠದ ಅಭ್ಯಾಸ. ಹನ್ನೆರಡು ಕಿಲೋ ತೂಕದ ಮಗುವಿಗೆ ಒಂದು ಮದ್ದು. ಕಿಲೋ ಒಂದಕ್ಕೆ ದಿನಕ್ಕೆ 40 ಮಿಲಿಗ್ರಾಂ. ‘ಮೂರು ಡಿವೈಡೆಡ್ ಡೋಸುಗಳಲ್ಲಿ’ ಕೊಡತಕ್ಕದ್ದು. ಅವಳು 12ನ್ನು 40ರಿಂದ ಗುಣಿಸಿ 480 ಎಂದು ಸರಿಯಾಗಿಯೇ ತೆಗೆದಿದ್ದಳು. ಆದರೆ ಆ 480ನ್ನು ಮೂರು ಸಲ ಕೊಡಬೇಕೆಂದು ತಿಳಿದಿದ್ದಳು. ದಿನಕ್ಕೆ 480ನ್ನು ಮೂರಾಗಿ ಹಂಚಿ ಸಲಕ್ಕೆ 160ರಂತೆ ಕೊಡಬೇಕೆಂಬುದು ವಾಕ್ಯದ ಅರ್ಥ. ಅವಳ ಗುಣಾಕಾರದಲ್ಲಿ ತಪ್ಪಿರಲಿಲ್ಲ; ವಾಕ್ಯದ ಅನ್ವಯದಲ್ಲಿ ತಪ್ಪಿತ್ತು. ಆ ತಪ್ಪಿನಿಂದ ಮಗುವಿಗೆ ಹೋಗುತ್ತಿದ್ದುದು ಮೂರು ಪಟ್ಟು ಮದ್ದು. “ದಿನಕ್ಕೆ ಆರು ರೊಟ್ಟಿ, ಮೂರು ಹೊತ್ತಿಗೆ ಹಂಚಿಕೊಂಡು ತಿನ್ನು ಎಂದರೆ ಹೊತ್ತಿಗೆ ಎಷ್ಟಮ್ಮ?” ಎಂದು ಕೇಳಿದೆ. ನಕ್ಕುಬಿಟ್ಟಳು. ಆಮೇಲೆ ಅವಳು ಆ ಬಗೆಯ ಲೆಕ್ಕದಲ್ಲಿ ತಪ್ಪಿದ್ದನ್ನು ನಾನು ಕಾಣಲಿಲ್ಲ. ಅಂದಿನಿಂದ ಅವಳ ಪಾಠಗಳನ್ನು ನಾನೂ ಕೂತು ನೋಡತೊಡಗಿದೆ.

ನೋಡುತ್ತ ಹೋದಂತೆ ಅಲ್ಲಿ ಹಳೆಯ ಪರಿಚಿತರೊಬ್ಬರು ಎದುರಾದರು. ದಾದಿಯರಿಗೆ ಕಲಿಸುವ ಮುಖ್ಯ ಸೂತ್ರವೆಂದರೆ, ಬೇಕಾದುದನ್ನು ಇರುವುದರಿಂದ ಭಾಗಿಸಿ, ಅದು ಎಷ್ಟು ದ್ರವದಲ್ಲಿದೆಯೋ ಅದರಿಂದ ಗುಣಿಸು ಎಂಬುದು. ಇದು ನಮ್ಮ ತ್ರೈರಾಶಿಕವಲ್ಲದೆ ಬೇರೆ ಅಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ಸ್ಥಾನವುಂಟು, 1150ರಲ್ಲಿ ಭಾಸ್ಕರಾಚಾರ್ಯ ಬರೆದ ‘ಲೀಲಾವತಿ’ಯಲ್ಲಿ ಉಂಟು, ಹನ್ನೆರಡನೆಯ ಶತಮಾನದಲ್ಲಿ ಗಣಿತವನ್ನು ಕನ್ನಡದಲ್ಲಿಯೇ ಬರೆದ ರಾಜಾದಿತ್ಯನ ‘ವ್ಯವಹಾರಗಣಿತ’ದಲ್ಲಿಯೂ ಉಂಟು. ಆ ಆಚಾರ್ಯರು ಮೂರು ರಾಶಿಗಳನ್ನು ಪ್ರಮಾಣ, ಫಲ, ಇಚ್ಛೆ ಎಂದು ಕರೆದರು. 125 ಮಿಲಿಗ್ರಾಂ ಮದ್ದು 5 ಮಿಲಿಲೀಟರ್ ದ್ರವದಲ್ಲಿದ್ದರೆ 150 ಮಿಲಿಗ್ರಾಂ ಎಷ್ಟರಲ್ಲಿದ್ದೀತು? 125 ಪ್ರಮಾಣ, 5 ಫಲ, 150 ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 6 ಮಿಲಿಲೀಟರ್. ಇಂಗ್ಲಿಷ್ ಸೂತ್ರದ ‘ಬೇಕಾದುದು’ ಎಂಬ ಮಾತಿಗೆ ‘ಇಚ್ಛೆ’ ಎಂಬ ಹೆಸರು ಸಾವಿರ ವರ್ಷದಿಂದ ನಮ್ಮಲ್ಲಿ ಕಾದು ಕುಳಿತಿದೆ. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು, ಮಿಲಿಗ್ರಾಮಿನೊಡನೆ ಮಿಲಿಲೀಟರನ್ನು ಬೆರೆಸಕೂಡದು ಎಂಬ ಎಚ್ಚರವೂ ಆ ನಿಯಮದೊಳಗೇ ಇದೆ.

ಹಾಗಾದರೆ ಅಂಗಡಿಯ ಲೆಕ್ಕಕ್ಕೂ ಮಕ್ಕಳ ಮದ್ದಿನ ಲೆಕ್ಕಕ್ಕೂ ಭೇದವೇನು? ಅಂಗಡಿಯಲ್ಲಿ ತಪ್ಪಿದರೆ ನಾಳೆ ತಿದ್ದಿಕೊಳ್ಳಬಹುದು. ದೊಡ್ಡವರ ಮದ್ದಿನಲ್ಲಿಯೂ ಸಾಮಾನ್ಯವಾಗಿ ಒಂದು ಮಾತ್ರೆ, ಎರಡು ಮಾತ್ರೆ ಎಂಬ ಸಿದ್ಧ ಅಳತೆಯುಂಟು. ದಾದಿಯ ಅಂಗೈಯಲ್ಲಿ ಹತ್ತು ಮಾತ್ರೆ ಬಂದರೆ ಕಣ್ಣೇ ತಡೆಯುತ್ತದೆ. ಮಕ್ಕಳ ವಾರ್ಡಿನಲ್ಲಿ ಸಿದ್ಧ ಅಳತೆ ಎಂಬುದು ಇಲ್ಲ. ಅಲ್ಲಿ ಒಂದು ಕಿಲೋ ತೂಕದ ಅಕಾಲಶಿಶುವೂ ಇರುತ್ತದೆ, ನಲವತ್ತು ಕಿಲೋ ತೂಕದ ಬಾಲಕನೂ ಇರುತ್ತಾನೆ. ಕೂಸು ಹುಟ್ಟಿದಾಗಿನ ತೂಕ ಐದಾರು ತಿಂಗಳಿಗೆ ಎರಡು ಪಟ್ಟಾಗಿ, ವರ್ಷಕ್ಕೆ ಮೂರು ಪಟ್ಟಾಗುವುದರಿಂದ ಹಿಂದಿನ ಸಲ ಬರೆದಿಟ್ಟ ತೂಕವನ್ನು ಈ ಸಲಕ್ಕೆ ನಂಬುವಂತಿಲ್ಲ. ಬೆಳಕು ಅಲೆಯ ರೂಪದ್ದೆಂದು ತೋರಿಸಿಕೊಟ್ಟ ಇಂಗ್ಲೆಂಡಿನ ಥಾಮಸ್ ಯಂಗ್ ವೈದ್ಯನೂ ಆಗಿದ್ದ. ಮಗುವಿನ ವಯಸ್ಸನ್ನು ಅದೇ ವಯಸ್ಸಿಗೆ ಹನ್ನೆರಡು ಕೂಡಿಸಿದ ಸಂಖ್ಯೆಯಿಂದ ಭಾಗಿಸಿದರೆ ದೊಡ್ಡವರ ಮದ್ದಿನಲ್ಲಿ ಮಗುವಿಗೆ ಸಲ್ಲುವ ಪಾಲು ಸಿಕ್ಕುತ್ತದೆ ಎಂಬ ನಿಯಮ ಅವನ ಹೆಸರಿನಲ್ಲಿದೆ. ಮೂರು ವರ್ಷದ ಮಗುವಿಗೆ ಹದಿನೈದರಲ್ಲಿ ಮೂರು, ಎಂದರೆ ಐದನೆಯ ಒಂದು ಪಾಲು. ಆದರೆ ಮಗು ದೊಡ್ಡವರ ಒಂದು ತುಣುಕಲ್ಲ. ಎಳೆಗೂಸಿನ ಯಕೃತ್ತು ಕ್ಲೋರಾಂಫೆನಿಕಾಲ್ ಎಂಬ ಮದ್ದನ್ನು ಅರಗಿಸಿ ಹೊರಹಾಕಲಾರದೆ ನವಜಾತ ಶಿಶುಗಳು ಮೈ ಬೂದುಬಣ್ಣಕ್ಕೆ ತಿರುಗಿ ಸತ್ತ ಸಂಗತಿ 1959ರಲ್ಲಿ ವೈದ್ಯಲೋಕಕ್ಕೆ ಸ್ಪಷ್ಟವಾಯಿತು. ಇಂದು ಹೆಚ್ಚಿನ ಮದ್ದುಗಳನ್ನು ಮಗುವಿನ ತೂಕಕ್ಕೆ ತಕ್ಕಂತೆ ಲೆಕ್ಕಹಾಕುತ್ತಾರೆ. ಕೆಲವನ್ನು ಮೈಯ ಮೇಲ್ಮೈಯ ವಿಸ್ತೀರ್ಣಕ್ಕೆ ತಕ್ಕಂತೆ.

ಇಲ್ಲಿ ಕನ್ನಡದ ಮೇಷ್ಟರಾಗಿ ಒಂದು ಮಾತು ಹೇಳಬೇಕು. ನಮ್ಮ ಭಾಷೆಯಲ್ಲಿ ನುಂಗುವ ಗುಳಿಗೆಗೂ ಮಾತ್ರೆ ಎನ್ನುತ್ತೇವೆ, ಛಂದಸ್ಸಿನ ಕಾಲಮಾನಕ್ಕೂ ಮಾತ್ರೆ ಎನ್ನುತ್ತೇವೆ. ಎರಡಕ್ಕೂ ಮೂಲಾರ್ಥ ಅಳತೆ. ಅಂಕಿಯ ಶೂನ್ಯಕ್ಕೂ ಅಕ್ಷರದ ಮುಂದೆ ಬರೆಯುವ ಅನುಸ್ವಾರಕ್ಕೂ ಸೊನ್ನೆ ಎಂಬ ಒಂದೇ ಹೆಸರು, ಹೆಚ್ಚುಕಡಿಮೆ ಒಂದೇ ರೂಪ. ‘ಕದ’ ಎಂಬ ಮಾತಿಗೆ ಒಂದು ಸೊನ್ನೆ ಸೇರಿಸಿದರೆ ‘ಕಂದ’ ಆಗುತ್ತದೆ. ಲಘುವಾಗಿದ್ದ ಅಕ್ಷರ ಗುರುವಾಗಿ ಒಂದು ಮಾತ್ರೆ ಎರಡಾಗುತ್ತದೆ. ಪದ್ಯದಲ್ಲಿ ಸೊನ್ನೆ ತಪ್ಪಿದರೆ ಕೆಡುವುದು ಗಣ. ಕವಿ ಅದನ್ನು ತಿದ್ದಿಯಾನು. ಮದ್ದಿನಲ್ಲಿ ಸೊನ್ನೆ ತಪ್ಪಿದರೆ ಅಳತೆ ಎರಡಾಗುವುದಿಲ್ಲ, ಹತ್ತಾಗುತ್ತದೆ. ಕೆಡುವುದು ಕಂದನ ಮೈ. ಅದಕ್ಕಾಗಿಯೇ ಅರ್ಧ ಮಿಲಿಲೀಟರನ್ನು ಬರೆಯುವಾಗ ಬಿಂದುವಿನ ಹಿಂದೆ ಸೊನ್ನೆಯನ್ನು ಬಿಡದೆ 0.5 ಎಂದೇ ಬರೆಯಬೇಕು, ಐದನ್ನು 5.0 ಎಂದು ಎಂದೂ ಬರೆಯಕೂಡದು ಎಂಬ ನಿಯಮವುಂಟು. ಮೊದಲನೆಯದರಲ್ಲಿ ಬಿಂದು ಕಾಣದೆ ಹೋದರೆ ಅರ್ಧ ಐದಾಗುತ್ತದೆ. ಎರಡನೆಯದರಲ್ಲಿ ಕಾಣದೆ ಹೋದರೆ ಐದು ಐವತ್ತಾಗುತ್ತದೆ. 2007ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ನಟ ಡೆನಿಸ್ ಕ್ವೇಡ್ ಅವರ ಎಳೆಯ ಅವಳಿಮಕ್ಕಳಿಗೆ ಹೆಪಾರಿನ್ ಎಂಬ ಮದ್ದು ಬೇಕಾದುದಕ್ಕಿಂತ ಸಾವಿರ ಪಟ್ಟು ಹೋಯಿತು. ಮಿಲಿಲೀಟರಿಗೆ ಹತ್ತು ಯೂನಿಟ್ಟಿನದನ್ನು ಕೊಡಬೇಕಾದಲ್ಲಿ ಹತ್ತುಸಾವಿರದ್ದನ್ನು ಕೊಟ್ಟಿದ್ದರು. ಮಕ್ಕಳು ಬದುಕಿಕೊಂಡರು. ಎಲ್ಲ ಮಕ್ಕಳಿಗೂ ಆ ಅದೃಷ್ಟವಿರುವುದಿಲ್ಲ.

ದೂರದ ಮಾತೇಕೆ? ನಮ್ಮ ಮನೆಗಳಲ್ಲಿರುವ ಜ್ವರದ ಮದ್ದನ್ನೇ ನೋಡಿ. ಮಕ್ಕಳ ಪ್ಯಾರಾಸಿಟಮಾಲ್ ಒಂದು ಬಾಟಲಿಯಲ್ಲಿ ಹನಿಯ ರೂಪದಲ್ಲಿರುತ್ತದೆ. ಅದರ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ. ಇನ್ನೊಂದು ಬಾಟಲಿಯ ಸಿರಪ್ಪಿನ ಐದು ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ. ಮತ್ತೊಂದರಲ್ಲಿ ಅಷ್ಟಕ್ಕೇ 250. ಹತ್ತು ಕಿಲೋ ಮಗುವಿಗೆ ಕಿಲೋ ಒಂದಕ್ಕೆ 15ರಂತೆ ವೈದ್ಯರು 150 ಮಿಲಿಗ್ರಾಂ ಹೇಳಿದರೆ, ಮೊದಲನೆಯದರಲ್ಲಿ ಅದು ಒಂದೂವರೆ ಮಿಲಿಲೀಟರ್, ಎರಡನೆಯದರಲ್ಲಿ ಆರು, ಮೂರನೆಯದರಲ್ಲಿ ಮೂರು. ಸಿರಪ್ಪಿನ ಆರು ಮಿಲಿಲೀಟರನ್ನು ಹನಿಯ ಬಾಟಲಿಯಿಂದ ಹಾಕಿದರೆ ಮಗುವಿಗೆ ಹೋಗುವುದು 600 ಮಿಲಿಗ್ರಾಂ, ನಾಲ್ಕು ಪಟ್ಟು. ಮದ್ದಿನ ಹೆಸರು ಒಂದೇ, ಲೆಕ್ಕವೂ ಸರಿ, ಬಾಟಲಿ ಬೇರೆ.

ಇದೇ ಲೆಕ್ಕ ಒಂದು ದಿನ ಆ ಹುಡುಗಿಯ ಮೊಬೈಲಿನಲ್ಲಿ ಬಂದಿತು. ಅವಳು ಅವಸರದಲ್ಲಿ ಹತ್ತನ್ನು ಎರಡು ಸಲ ಗುಣಿಸಿ, ಉತ್ತರದ ಚೌಕದಲ್ಲಿ ಅರವತ್ತು ಮಿಲಿಲೀಟರ್ ಎಂದು ತುಂಬಿದಳು. ತೆರೆಯ ಮೇಲೆ ಕೆಂಪು ಗುರುತು ಮೂಡಿ, ಉತ್ತರ ತಪ್ಪು, ಮತ್ತೆ ಪ್ರಯತ್ನಿಸಿ ಎಂದು ಬಂತು. ಅವಳು ಆರು ಎಂದು ತಿದ್ದಿದಳು. ಹಸಿರು ಗುರುತು ಬಂತು. ಮುಂದಿನ ಪ್ರಶ್ನೆಗೆ ಹೋಗುವುದರಲ್ಲಿದ್ದಳು. ನಾನು ಒಳಗೆ ಹೋಗಿ ಮೊಮ್ಮಗನಿಗೆಂದು ತಂದಿದ್ದ ಸಿರಪ್ಪಿನ ಖಾಲಿ ಬಾಟಲಿಯನ್ನು ತಂದು ಅವಳ ಮುಂದಿಟ್ಟು, ಅದರ ಮೇಲೆ ಎಷ್ಟೆಂದು ಬರೆದಿದೆ ಓದಮ್ಮ ಎಂದೆ. ಅರವತ್ತು ಮಿಲಿಲೀಟರ್ ಎಂದು ಓದಿದಳು. ಒಂದು ಗಳಿಗೆ ಸುಮ್ಮನಿದ್ದು, “ಇಡೀ ಬಾಟ್ಲಿ ಕುಡಿಸಿದ್ನಲ್ರೀ ಸರ್” ಎಂದಳು. ಆ ಮೇಲೆ ಬಹಳ ಹೊತ್ತು ಮಾತನಾಡಲಿಲ್ಲ.

ಆನ್‌ಲೈನ್ ಪಾಠವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಳೆಯ ಮೇಷ್ಟರು ಹೊಸ ಸಲಕರಣೆಯನ್ನು ಬೈಯುವುದು ಲೋಕರೂಢಿಯಾದರೂ, ನಾನು ಕಂಡದ್ದನ್ನು ಕಂಡಂತೆ ಹೇಳಬೇಕು. ಆ ಪಾಠಕ್ಕೆ ಆಯಾಸವೆಂಬುದಿಲ್ಲ. ಒಂದೇ ಬಗೆಯ ಲೆಕ್ಕವನ್ನು ಅಂಕಿ ಬದಲಿಸಿ ನೂರು ಸಲ ಕೊಟ್ಟೀತು. ಅರವತ್ತು ಮಕ್ಕಳ ನಡುವೆ ಎದ್ದು ನಿಂತು ನನಗೆ ಭಾಗಾಕಾರ ಬರುವುದಿಲ್ಲ ಎನ್ನಲು ನಾಚುವ ಹುಡುಗಿ, ತೆರೆಯ ಮುಂದೆ ನಾಚಿಕೆಯಿಲ್ಲದೆ ತಪ್ಪು ಮಾಡಬಹುದು. ಇದು ಸಣ್ಣ ಉಪಕಾರವಲ್ಲ. ಏಕೆಂದರೆ ನರ್ಸಿಂಗ್ ಪದವಿಗೆ ಸೇರಲು ಭೌತ, ರಸಾಯನ, ಜೀವಶಾಸ್ತ್ರಗಳೊಡನೆ ಇಂಗ್ಲಿಷನ್ನು ಕೇಳುತ್ತಾರೆಯೇ ಹೊರತು ಗಣಿತವನ್ನು ಕೇಳುವುದಿಲ್ಲ. ಎಷ್ಟೋ ಮಕ್ಕಳಿಗೆ ಗಣಿತದ ನಂಟು ಹತ್ತನೆಯ ತರಗತಿಗೇ ಕಡಿದಿರುತ್ತದೆ. ನಾರ್ವೆಯಲ್ಲಿ ದಾದಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ತರಗತಿಯಲ್ಲಿ, ಇನ್ನೊಂದಕ್ಕೆ ಕಂಪ್ಯೂಟರಿನಲ್ಲಿ ಮದ್ದಿನ ಲೆಕ್ಕ ಕಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಒಟ್ಟಿನಲ್ಲಿ ಎರಡು ಕ್ರಮಗಳಿಗೂ ಹೇಳಿಕೊಳ್ಳುವ ಅಂತರವಿರಲಿಲ್ಲ. ಆದರೆ ಮೊದಲಿನಿಂದಲೂ ಲೆಕ್ಕದಲ್ಲಿ ಹಿಂದಿದ್ದವರಿಗೆ ಮಾತ್ರ ತರಗತಿಯ ಪಾಠವೇ ಮೇಲೆಂದು ಕಂಡುಬಂತು. ಎಂದರೆ, ಬಲ್ಲವನು ಎಲ್ಲಿಯಾದರೂ ಕಲಿತಾನು. ಎಡವುವವನಿಗೆ ಎದುರಿಗೆ ಒಬ್ಬ ಮನುಷ್ಯ ಬೇಕು.

ನಾನು ಕಂಡ ಕೊರತೆ ಬೇರೊಂದು. ಆ ತೆರೆಗೆ ಎಲ್ಲ ತಪ್ಪುಗಳೂ ಒಂದೇ. 6.4 ಎನ್ನಬೇಕಾದಲ್ಲಿ 6.5 ಎಂದವಳಿಗೂ ಕೆಂಪು ಗುರುತು, 64 ಎಂದವಳಿಗೂ ಅದೇ ಕೆಂಪು ಗುರುತು. ಮೊದಲನೆಯದರಿಂದ ಮಗುವಿಗೆ ಕೂದಲೂ ಕೊಂಕಲಾರದು. ಎರಡನೆಯದು ಪ್ರಾಣಕ್ಕೆ ಎರವಾಗಬಹುದು. ಅಂಕಗಳ ಪಟ್ಟಿಯಲ್ಲಿ ಇಬ್ಬರೂ ಸಮಾನರು. ಪರೀಕ್ಷೆಗೆ ಸೊನ್ನೆಯ ತೂಕ ಗೊತ್ತಾಗದೆ ಹೋದರೆ ವಿದ್ಯಾರ್ಥಿಗೆ ಹೇಗೆ ಗೊತ್ತಾದೀತು? ಆದ್ದರಿಂದ ಹತ್ತು ಪಟ್ಟಿನ ತಪ್ಪನ್ನು ಬೇರೆಯಾಗಿ ಎಣಿಸಿ, ಅಲ್ಲಿಯೇ ತಡೆದು ನಿಲ್ಲಿಸಿ, ನೀನೀಗ ಒಂದು ಬಾಟಲಿಯನ್ನೇ ಕುಡಿಸಿದೆ ಎಂದು ಕಣ್ಣಿಗೆ ಕಾಣುವಂತೆ ತೋರಿಸುವ ಪಾಠ ಬೇಕು. ಲೆಕ್ಕಕ್ಕೆ ಕೈ ಹಾಕುವ ಮೊದಲೇ, ಸುಮಾರು ಎಷ್ಟಿರಬಹುದು, ಚಮಚೆಯೊಳಗೋ ಚಮಚೆಯ ಮೇಲೋ ಎಂದು ಅಂದಾಜು ಹೇಳಿಸಬೇಕು. ಲಂಡನ್ನಿನ ಮೂವರು ಸಂಶೋಧಕರು ಮಕ್ಕಳ ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ಅನುಭವಸ್ಥ ದಾದಿಯರು ಲೆಕ್ಕ ಮಾಡುವ ಬಗೆಯನ್ನು ನೋಡಿ 2001ರಲ್ಲಿ ಬರೆದರು. ಆ ದಾದಿಯರು ಕಾಲೇಜಿನ ಸೂತ್ರವನ್ನೇ ಹಿಡಿದು ಕೂರುತ್ತಿರಲಿಲ್ಲ. ಆಯಾ ಮದ್ದಿನ ಗುರುತು ಹಿಡಿದು, ಅರ್ಧ, ಅರ್ಧದ ಅರ್ಧ, ಇಷ್ಟಕ್ಕೆ ಇಷ್ಟು ಎಂದು ಮನಸ್ಸಿನಲ್ಲಿಯೇ ಸರಿಯಾಗಿ ಅಳೆಯುತ್ತಿದ್ದರು. ನಮ್ಮ ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಬಾಯಿಪಾಠ ಮಾಡಿದ ಹಿಂದಿನ ತಲೆಮಾರಿನವರು ಕೇಳಿದರೆ ಸಂತೋಷಪಟ್ಟಾರು.

ಇದಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಪಾಠದ ಲೆಕ್ಕಗಳಲ್ಲಿ ವೈದ್ಯರ ಬರಹ ಯಾವಾಗಲೂ ಸರಿಯಾಗಿಯೇ ಇರುತ್ತದೆ. ವಿದ್ಯಾರ್ಥಿನಿ ಅದನ್ನು ವೇದವಾಕ್ಯವೆಂದು ಹಿಡಿದು ಉತ್ತರ ತೆಗೆಯಬೇಕು. ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟ ವೈದ್ಯನ ಕೈಯೂ ಒಂದು ಸೊನ್ನೆಯನ್ನು ಹೆಚ್ಚು ಬರೆದೀತು. 150 ಇರಬೇಕಾದಲ್ಲಿ 1500 ಎಂದು ಬರೆದಿದ್ದರೆ, ಸೂತ್ರವನ್ನು ಚೆನ್ನಾಗಿ ಕಲಿತವಳು ತಪ್ಪಿಲ್ಲದೆ ಗುಣಿಸಿ ಭಾಗಿಸಿ ಅರವತ್ತು ಮಿಲಿಲೀಟರ್ ಅಳೆದುಬಿಡುತ್ತಾಳೆ. ಅವಳ ಲೆಕ್ಕಕ್ಕೆ ನೂರಕ್ಕೆ ನೂರು ಅಂಕ. ಆದುದರಿಂದ ಹತ್ತು ಪ್ರಶ್ನೆಗಳಲ್ಲಿ ಒಂದೆರಡಾದರೂ, ಉತ್ತರ ತೆಗೆಯದೆ ‘ಇದನ್ನು ಕೇಳಿ ತಿಳಿಯಬೇಕು’ ಎಂದು ಬರೆಯುವುದೇ ಸರಿಯುತ್ತರವಾಗಿರುವಂಥವು ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಮದ್ದಿನಿಂದಾಗುವ ಹಾನಿಯನ್ನು ತಗ್ಗಿಸುವ ಜಾಗತಿಕ ಕಾರ್ಯಕ್ರಮವನ್ನು 2017ರಲ್ಲಿ ಹಮ್ಮಿಕೊಂಡಿತು. 2025ರ ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನವನ್ನು ನವಜಾತರಿಗೂ ಮಕ್ಕಳಿಗೂ ಮೀಸಲಿಟ್ಟಿತು. ದಿನಾಚರಣೆಗಳು ಒಳ್ಳೆಯವೇ. ಆದರೆ ಹಿರಿಯರ ಬರಹದ ಮುಂದೆ ಇಪ್ಪತ್ತೆರಡು ವರ್ಷದ ಹುಡುಗಿ ನಿಂತು ಕೇಳುವ ಧೈರ್ಯ ದಿನಾಚರಣೆಯಿಂದ ಬರುವುದಿಲ್ಲ. ಅದು ಪಾಠದಲ್ಲಿಯೇ ಅಭ್ಯಾಸವಾಗಬೇಕು.

ಸಂಶಯವೆಂಬುದು ಹುಟ್ಟುವುದು ಅರ್ಥವಾದ ಮಾತಿನಲ್ಲಿ. ಅರ್ಥವಾಗದ ಭಾಷೆಯಲ್ಲಿ ಮನುಷ್ಯ ವಿಧೇಯನಾಗಬಲ್ಲ, ಸಂಶಯಪಡಲಾರ. ನರ್ಸಿಂಗ್ ಪದವಿಯ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅದನ್ನು ಬಿಡಬೇಕೆಂದು ನಾನು ವಾದಿಸುವುದಿಲ್ಲ. ಮದ್ದಿನ ಬಾಟಲಿಯ ಮೇಲಿನ ಬರಹ ಇಂಗ್ಲಿಷು, ನಾಳೆ ಅವಳು ಹೋಗಬಹುದಾದ ಊರು ಯಾವುದೋ. ಆದರೆ ತರಗತಿಯಲ್ಲಿ ಮೇಷ್ಟರು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿ, ಕಡೆಗೆ ಕನ್ನಡದಲ್ಲಿ ಒಂದು ಮಾತು ಸೇರಿಸುತ್ತಿದ್ದರು; ‘ಸಲಕ್ಕೆ’, ‘ದಿನಕ್ಕೆ’, ‘ಹಂಚಿ’ ಎಂಬ ಮಾತುಗಳು ಅಲ್ಲಿ ಸಿಕ್ಕುತ್ತಿದ್ದವು. ಆ ಹುಡುಗಿಯ ತೆರೆಯ ಮೇಲೆ ಆ ಕಡೆಯ ಮಾತು ಇರಲಿಲ್ಲ. ಪಾಠವನ್ನು ಯಂತ್ರಕ್ಕೆ ಒಪ್ಪಿಸುವವರು ಇದನ್ನು ಗಮನಿಸಬೇಕು. ಲೆಕ್ಕದ ಪ್ರತಿಯೊಂದು ವಾಕ್ಯವನ್ನೂ ಮುಟ್ಟಿದರೆ ಅದರ ಕನ್ನಡ, ಮಲಯಾಳ, ಮಣಿಪುರಿ ಕಾಣುವಂತೆ ಮಾಡುವುದು ಇಂದಿನ ಯಂತ್ರಗಳಿಗೆ ಕಷ್ಟವಲ್ಲ. ಹಾಗೆ ಮಾಡುವ ಅನುವಾದವನ್ನು ಲೆಕ್ಕವೂ ಭಾಷೆಯೂ ತಿಳಿದವರೊಬ್ಬರು ಕಣ್ಣಿಟ್ಟು ನೋಡಬೇಕು. ಅಲ್ಲಿಯೂ ‘ದಿನಕ್ಕೆ’ ಹೋಗಿ ‘ಸಲಕ್ಕೆ’ ಆದೀತು.

ಆ ಹುಡುಗಿ ಓದು ಮುಗಿಸಿ ಈಗ ಒಂದು ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿದ್ದಾಳೆ. ಹಬ್ಬಹರಿದಿನಗಳಲ್ಲಿ ಫೋನು ಮಾಡುತ್ತಾಳೆ. ಕಳೆದ ಸಲ ಮಾಡಿದಾಗ ಒಂದು ಸಂಗತಿ ಹೇಳಿದಳು. ಸೆಳೆತ ಬಂದ ಕೂಸೊಂದಕ್ಕೆ ಫೀನೊಬಾರ್ಬಿಟೋನ್ ಬರೆದಿದ್ದರಂತೆ. ಹಿಂದಿನ ವಾರ ಇನ್ನೊಂದು ಕೂಸಿಗೆ ಅವಳೇ ಹಾಕುತ್ತಿದ್ದುದು ಕಿಲೋ ಒಂದಕ್ಕೆ 5 ಮಿಲಿಗ್ರಾಂ. ಇಲ್ಲಿ 20 ಎಂದಿತ್ತು. ನಾಲ್ಕು ಪಟ್ಟು. ಕೂಡಲೇ ಬರೆದವರನ್ನು ಹುಡುಕಿ ಕೇಳಿದಳು. ಸೆಳೆತವನ್ನು ಹಿಡಿದು ನಿಲ್ಲಿಸಲು ಮೊದಲ ಸಲ ಅಷ್ಟು ಕೊಡಬೇಕು, ಆಮೇಲೆ ದಿನದಿನಕ್ಕೆ ಕೊಡುವುದು ಕಡಿಮೆ ಎಂದು ಅವರು ವಿವರಿಸಿದರು. ಕೆಲಸದ ಗಡಿಬಿಡಿಯಲ್ಲಿ ಹಿರಿಯ ದಾದಿಯಿಂದ ಎರಡು ಮಾತು ಬೈಸಿಕೊಂಡದ್ದೂ ಆಯಿತು. “ಬರೆದದ್ದು ತಪ್ಪಿರಲಿಲ್ರೀ ಸರ್, ಆದ್ರೂ ಕೇಳಿದೆ” ಎಂದು ಅಳುಕಿನಿಂದಲೇ ಹೇಳಿದಳು.

ಒಳ್ಳೆಯದು ಮಾಡಿದೆ ತಾಯಿ, ಎಂದೆ. ಉತ್ತರ ಸರಿಯಿದ್ದ ದಿನವೂ ಕೇಳುವ ಅಭ್ಯಾಸವುಳ್ಳವಳು ಉತ್ತರ ತಪ್ಪಿದ ದಿನ ಕೇಳದೆ ಇರಲಾರಳು. ಕಲ್ಲನ್ನು ತೊಳೆದು ಮತ್ತೆ ತೇಯುತ್ತಿದ್ದ ನನ್ನ ಅಜ್ಜಿಗೂ ಎಷ್ಟೋ ಸಲ ಎಣಿಕೆ ತಪ್ಪಿರಲಿಲ್ಲವೆಂದೇ ನನ್ನ ನಂಬಿಕೆ.

(ಬಾನುಲಿ ಭಾಷಣ)